ನಳದ ತೊಟ್ಟಿಲು

ನಮ್ಮ ಕ್ಲಾಸಿನಲ್ಲಿ ಕಲಿಸುತ್ತಿದ್ದ ಬಾಯಾರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಕಾದ ಪ್ಲಾಸ್ಟಿಕ್ ಪೈಪನ್ನು ಒತ್ತಿ ಒತ್ತಿ ಅದರ ತುದಿ ಹುಣಸೆ ಬೀಜದ ಹಾಗೆ ನುಣ್ಣಗಾಗಿತ್ತು. ಉಗುರಿನ ಸುತ್ತ ಕೂತ ಕಂದು ಬಣ್ಣ ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಹಬ್ಬದ ದಿನವೂ ಅದೇ ಬೆರಳಿನಿಂದ ಕುಂಕುಮ ಹಚ್ಚಿಕೊಳ್ಳುತ್ತಿದ್ದರು. ಆ ಬೆರಳನ್ನು ನಮ್ಮ ಕೆಲಸದ ಮೇಲೆ ಒಮ್ಮೆ ಸವರಿದರೆ ಸಾಕು, ನಮ್ಮ ಯೋಗ್ಯತೆ ಎಷ್ಟೆಂದು ಅವರಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಸ್ವಭಾವ ಅವರದಲ್ಲ.

"ಇದು ಕಟ್ಟಿಗಿ ಅಲ್ಲ. ತುಕ್ಕ ಹಿಡದ ನಳ," ಎಂದು ನಾನು ಮಾಡಿದ ಮೊದಲ ಹೂದಾನಿಯನ್ನು ಎಲ್ಲರೆದುರು ಎತ್ತಿ ಹಿಡಿದರು. "ಒಯ್ದು ನಿಮ್ಮ ಬಚ್ಚಲಕ್ಕ ಹಚ್ಚರಿ. ನೀರ ಛಲೋ ಹೊಕ್ಕಾವು."

ಉಳಿದ ಹುಡುಗಿಯರು ನಕ್ಕರು. ನಾನೂ ನಕ್ಕೆ, ಮನೆಗೆ ಹೋಗಿ ಅತ್ತೆ. ಮರುದಿನ ಮತ್ತೆ ಹೋದೆ, ಏಕೆಂದರೆ ಹೋಗದಿದ್ದರೆ ಅವರು ನನ್ನ ಬೆನ್ನ ಹಿಂದೆ ಏನು ಹೇಳಬಹುದೆಂಬ ಹೆದರಿಕೆ ಇನ್ನೂ ದೊಡ್ಡದಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಬಿ.ಎ. ಮುಗಿಸಿ ಮನೆಯಲ್ಲಿ ಕೂತ ಹುಡುಗಿಯನ್ನು ನೋಡಲು ಬಂದವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮತ್ತ ಏನೇನ ಬರ್ತೈತಿ?" ಹೊಲಿಗೆ, ಕಸೂತಿ ಎಲ್ಲರಿಗೂ ಬರುತ್ತಿತ್ತು. ಹೊಸದೇನಾದರೂ ಹೇಳಬೇಕಲ್ಲ, ಅದಕ್ಕಾಗಿ ಹುಬ್ಬಳ್ಳಿಯ ತಾಯಂದಿರು ಮಗಳಂದಿರನ್ನು ದೇಶಪಾಂಡೆ ನಗರದ ಬಾಯಾರ ಕ್ರಾಫ್ಟ್ ಕ್ಲಾಸಿಗೆ ಕಳಿಸುತ್ತಿದ್ದರು. ಮಧ್ಯಾಹ್ನ ಎರಡರಿಂದ ನಾಲ್ಕು. ಬಾಡಿಗೆ ಮನೆಯ ಹಿತ್ತಲಲ್ಲಿ ತಗಡು ಹೊದಿಸಿದ ಒಂದು ಜಾಗ, ಒಂದು ಸೀಮೆಎಣ್ಣೆ ಸ್ಟೋವು, ನಾಲ್ಕು ಮಣೆ. ಅಲ್ಲಿ ಪ್ಲಾಸ್ಟಿಕ್ ಪೈಪು ಸಾಗವಾನಿಯಾಗುತ್ತಿತ್ತು.

ಬಾಯಾರ ಗಂಡ ನಳ ಕೂಡಿಸುವ ಕೆಲಸದವರು, ದನಿ ಎತ್ತರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಕಟ್ಟುತ್ತಿರುವ ಮನೆಗಳಿಂದ ಉಳಿದ ಪೈಪಿನ ತುಂಡುಗಳನ್ನು ತಂದು ಹಿತ್ತಲಲ್ಲಿ ಒಟ್ಟುತ್ತಿದ್ದರು. ಎಸೆಯಲು ಅವರಿಗೆ ಮನಸ್ಸಿಲ್ಲ, ಕೊಳ್ಳುವವರು ಯಾರೂ ಇಲ್ಲ. ಈ ವಿದ್ಯೆ ಹೇಗೆ ಹುಟ್ಟಿತೆಂದು ಕೇಳಿದರೆ ಬಾಯಾರು ಗಂಡನ ಎದುರಿಗೇ ಹೇಳುತ್ತಿದ್ದರು: "ಒಂದ್ ದಿನ ಇವ್ರ ತಲಿಗೆ ಹಾಕ್ಬೇಕಂತ ಒಂದ್ ತುಂಡ ಎತ್ತಿಕೊಂಡೆ. ತಲಿ ತಪ್ಪಿಸಿಕೊಂಡ್ರು. ಕೈಯಾಗ ಪೈಪ ಉಳೀತು, ಬಾಜೂಕ ಗರಗಸದ ಬ್ಲೇಡ ಇತ್ತು. ಸಿಟ್ಟೀಲೆ ಗೀರಿದೆ. ನೋಡ್ತೇನಿ, ಥೇಟ್ ಬಾಗಲ ಚೌಕಟ್ಟ!" ಗಂಡ ತಲೆ ಕೆರೆದುಕೊಂಡು ನಗುತ್ತಿದ್ದರು.

ಕೆಲಸ ಹೇಳಲು ಸುಲಭ. ಗರಗಸದ ಬ್ಲೇಡಿನ ಹಲ್ಲಿನಿಂದ ಪೈಪಿನ ಉದ್ದಕ್ಕೂ ಗೀರಬೇಕು, ಅದು ಮರದ ಎಳೆ. ಸ್ಟೋವಿನ ಉರಿಗೆ ಹಿಡಿದು ಅಲ್ಲಲ್ಲಿ ಹೆಬ್ಬೆರಳು ಒತ್ತಬೇಕು, ಅದು ಮರದ ಗಂಟು. ಮೊದಲು ಹಳದಿ ಬಣ್ಣ, ಅದು ಒಣಗಿದ ಮೇಲೆ ಕಂದು. ಕಂದು ಹಸಿ ಇರುವಾಗಲೇ ಹಳೆ ಧೋತರದ ಚಿಂದಿಯಿಂದ ಒರೆಸಿದರೆ ಗೀರಿನೊಳಗೆ ಮಾತ್ರ ಬಣ್ಣ ಉಳಿಯುತ್ತದೆ. ಮೇಲೆ ವಾರ್ನಿಶ್. ಬಾಗಿಸಬೇಕಾದರೆ ಒಳಗೆ ಕಾದ ಮರಳು ತುಂಬಬೇಕು, ಇಲ್ಲದಿದ್ದರೆ ಪೈಪು ಮಡಚಿಕೊಳ್ಳುತ್ತದೆ. ಹೊಡೆದು ನೋಡುವವರಿಗೆ ಟೊಳ್ಳು ಸದ್ದು ಕೇಳಬಾರದೆಂದರೆ ಕಟ್ಟಿಗೆ ಹೊಟ್ಟಿಗೆ ಅಂಟು ಕಲಸಿ ಗಟ್ಟಿಯಾಗಿ ತುರುಕಬೇಕು. ಇಷ್ಟೇ. ಇಷ್ಟನ್ನು ನಾವು ಮಾಡಿದರೆ ಪೈಪೇ ಕಾಣುತ್ತಿತ್ತು, ಅವರು ಮಾಡಿದರೆ ಮರ.

"ನೀವು ಚಂದ ಮಾಡಾಕ ಹೋಗ್ತೀರಿ, ಅದಕ್ಕ ಹೊಲಸ ಆಗ್ತೈತಿ," ಎನ್ನುತ್ತಿದ್ದರು. "ದೇವರು ಮರ ಮಾಡೂ ಮುಂದ ಸ್ಕೇಲ್ ಹಿಡಕೊಂಡು ಕುಂತಿರ್ಲಿಲ್ಲ. ಮೊದಲ ತಪ್ಪ ಮಾಡ್ರಿ. ಒಂದ್ ಗೀರ ಸೊಟ್ಟ ಹೋಗ್ಲಿ, ಒಂದ್ ಗಂಟ ಮೂಲ್ಯಾಗ ಬೀಳ್ಲಿ. ನೋಡಿದವ್ರು ತಪ್ಪ ನೋಡಿ ನಂಬತಾರ."

ಒಮ್ಮೆ ನನ್ನನ್ನು ಅವರ ಮನೆಯ ಹಳೆಯ ಮುಂಬಾಗಿಲ ಎದುರು ಎರಡು ತಾಸು ಕೂರಿಸಿದರು. ಏನೂ ಮಾಡದೆ ಬರೀ ನೋಡಬೇಕು. ಹೋಗಿ ಬರುವವರೆಲ್ಲ ನನ್ನನ್ನು ದಾಟಿಕೊಂಡು ಹೋದರು. ಕೊನೆಗೆ ಬಂದು, "ಎಷ್ಟ ಗಂಟ ಅದಾವು?" ಎಂದರು. ಹನ್ನೊಂದು ಎಂದೆ. "ಹನ್ನೆರಡು. ಒಂದರ ಮ್ಯಾಲ ನೀನ ಒರಗಿ ಕುಂತೀಯಲ್ಲ," ಎಂದು ಒಳಗೆ ಹೋದರು.

ಮದುವೆ ಗೊತ್ತಾಗಿದ್ದ ಒಬ್ಬಳು ಮೂರು ವಾರ ಕೂತು ಮಾಡಿದ, ಬಲ್ಬು ಹಾಕುವ ದೀಪದ ಕಂಬವನ್ನು ಅವರು ಮೊಣಕಾಲಿಗೆ ಇಟ್ಟು ಲಟ್ಟನೆ ಮುರಿದರು. ಹುಡುಗಿ ಬಿಕ್ಕಿದಳು. "ಅಂಗಳಕ್ಕ ಹೋಗಿ ಅಳು. ಕಣ್ಣೀರ ಬಿದ್ದ್ರ ವಾರ್ನಿಶ್ ಹಿಡಿಯಂಗಿಲ್ಲ," ಎಂದರು. ಅವಳು ನಿಜವಾಗಿಯೂ ಅಂಗಳಕ್ಕೆ ಹೋಗಿ ಅತ್ತು ಬಂದಳು. ಆಮೇಲೆ ಬಾಯಾರು ಅವಳ ಪಕ್ಕದಲ್ಲೇ ಮಣೆ ಹಾಕಿಕೊಂಡು, ಅವಳ ಕೈಯ ಮೇಲೆ ತಮ್ಮ ಕೈ ಇಟ್ಟು, ಹೊಸ ಕಂಬವನ್ನು ಮೊದಲಿನಿಂದ ಗೀರಿಸಿದರು. ಆ ಕಂಬವನ್ನು ಅವಳ ಬೀಗರು ಬಡಿಗೇರನಿಗೆ ತೋರಿಸಿದಾಗ ಅವನು ಇದು ಯಾವ ಊರಿನ ಸಾಗವಾನಿ ಎಂದು ಕೇಳಿದನಂತೆ. ಇದನ್ನು ಬಾಯಾರು ನಮಗೆ ಹೇಳಿದ್ದು ಬಹುಶಃ ಐವತ್ತು ಸಲ.

ಅವರಿಗೆ ಇದ್ದದ್ದು ಅದೊಂದೇ ಸೊಕ್ಕು. ಒಡವೆ ಇರಲಿಲ್ಲ, ಸ್ವಂತ ಮನೆ ಇರಲಿಲ್ಲ, ಹಾಡಲು ಬರುತ್ತಿರಲಿಲ್ಲ, ಅಡಿಗೆಯಂತೂ ದೇವರಿಗೇ ಪ್ರೀತಿ. ತಮ್ಮ ಕೈಯಿಂದ ಹೊರಟದ್ದನ್ನು ನೋಡಿ ಯಾರೂ ಪೈಪು ಎನ್ನಬಾರದು, ಅಷ್ಟೇ.

ಆದರೆ ಮೊದಲ ದಿನವೇ, ಹೊಸ ಹುಡುಗಿಯರೆಲ್ಲರ ಎದುರು, ಬೂದು ಬಣ್ಣದ ಒಂದು ಪೈಪನ್ನು ಬಾಲ್ದಿಯಲ್ಲಿ ನಿಲ್ಲಿಸಿ ಅದರ ಮೇಲೆ ಕುದಿಯುವ ನೀರು ಸುರಿಯುತ್ತಿದ್ದರು. ನೋಡುತ್ತಿದ್ದಂತೆ ಅದು ತಲೆ ಬಾಗಿಸಿ ಬಾಲ್ದಿಯ ಅಂಚಿನ ಮೇಲೆ ಮಲಗುತ್ತಿತ್ತು. "ಇದರ ಗುಣ ಮೊದಲ ತಿಳಕೋರಿ. ಎಷ್ಟ ಬಣ್ಣ ಹಚ್ಚಿದ್ರೂ ಬಿಸಿ ತಾಕಿದ ಕೂಡ್ಲೇ ಇದು ಪೈಪ. ನಾ ಕಲಿಸೋದು ನೋಡೂ ಸಾಮಾನು. ಒಲಿ ಹತ್ರ ಇಡೂ ಸಾಮಾನಲ್ಲ." ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಅವರು ದಾರಿಯನ್ನೇ ಬಿಟ್ಟಿರಲಿಲ್ಲ.

ನನ್ನ ಮದುವೆ ಕಮರಿಪೇಟೆಯ ದೊಡ್ಡ ಮನೆಗೆ ಆಯಿತು. ಕಾಳಿನ ವ್ಯಾಪಾರದವರು. ನಮ್ಮತ್ತೆ ಹಣೆ ತುಂಬ ವಿಭೂತಿ ಹಚ್ಚುವ, ದಿನಾ ಲಿಂಗಪೂಜೆ ಆಗದೆ ನೀರು ಮುಟ್ಟದ ಹೆಂಗಸು. ಒಂದು ಹಿಡಿ ಜೋಳ ಅಂಗೈಯಲ್ಲಿ ಆಡಿಸಿ ಯಾವ ಸೀಮೆಯದೆಂದು ಹೇಳಬಲ್ಲವರು. ಅವರಿಗೆ ಯಾರೂ ಮೋಸ ಮಾಡಿಲ್ಲ ಎಂಬ ಮಾತು ಆ ಮನೆಯಲ್ಲಿ ಊಟದಷ್ಟೇ ಸಲ ಬರುತ್ತಿತ್ತು. ನಮ್ಮಪ್ಪ ಅರಳೆ ಅಂಗಡಿಯ ಗುಮಾಸ್ತ. ಮದುವೆಯ ಮುನ್ನಾದಿನ ಬಾಯಾರು ಬಂದು ಒಂದು ದೀಪದ ಕಂಬ ಕೈಗಿಟ್ಟು, "ದೊಡ್ಡ ಮನಿ. ಬಾಯಿ ಸಣ್ಣದ ಇಟ್ಟುಕೋ," ಎಂದು ಚಹಾ ಕೂಡ ಕುಡಿಯದೆ ಹೋದರು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣು ಮಗು. ನಮ್ಮ ಕಡೆ ಮೊದಲ ಕೂಸಿನ ತೊಟ್ಟಿಲು ತವರು ಮನೆಯದು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವಾಗ ಕೂಸಿನ ಜೊತೆ ತೊಟ್ಟಿಲೂ ಹೊರಡಬೇಕು. ಅದೂ ಕಲಘಟಗಿಯಲ್ಲಿ ಮಾಡಿಸಿದ ಬಣ್ಣದ ಸಾಗವಾನಿ ತೊಟ್ಟಿಲು ಎಂದು ಅತ್ತೆ ಮೊದಲೇ ಹೇಳಿ ಕಳಿಸಿದ್ದರು. ಅಲ್ಲಿನವರಿಗೆ ತಿಂಗಳುಗಳ ಮುಂಚೆ ಹೇಳಿಡಬೇಕು. "ಹೇಳೀನವಾ, ಮಾಡಾಕತ್ತಾರ," ಎನ್ನುತ್ತಲೇ ಇದ್ದರು ಅಪ್ಪ. ಕೂಸಿಗೆ ಎರಡು ತಿಂಗಳಾದಾಗ, ನಾನು ಹೊರಡಲು ಮೂರು ವಾರ ಇರುವಾಗ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತರು. ಹೇಳಿರಲಿಲ್ಲ. ಹೇಳುವ ಶಕ್ತಿ ಅವರಿಗೆ ಇರಲಿಲ್ಲ ಎಂದು ನನಗೆ ಅರ್ಥವಾಯಿತು, ಆದರೆ ಸಮಾಧಾನದ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಬರಿಗೈಯಲ್ಲಿ ಆ ಮನೆಯ ಹೊಸಿಲು ಹೇಗೆ ತುಳಿಯಲಿ ಎನ್ನುವುದೇ ತಲೆಯಲ್ಲಿ ತುಂಬಿತ್ತು.

ಮರುದಿನ ಕಿವಿಗೆ ಬಟ್ಟೆ ಕಟ್ಟಿಕೊಂಡು ಬಾಯಾರ ಮನೆಗೆ ಹೋದೆ.

"ಆಗಂಗಿಲ್ಲ," ಎಂದರು ಪೂರ್ತಿ ಕೇಳುವ ಮೊದಲೇ. "ನಾ ನೋಡೂ ಸಾಮಾನ ಮಾಡ್ತೇನಿ. ಕೂಸ ಮಲಗೂ ಸಾಮಾನ ಮಾಡಂಗಿಲ್ಲ."

ಕಾಲು ಹಿಡಿಯುವುದೊಂದು ಬಾಕಿ. ಅವರು ಕಸ ಕಟ್ಟಿದ ಸ್ಟೋವಿಗೆ ಪಿನ್ನು ಹಾಕುತ್ತ ಕೂತರು. ಆಗ ನಾನು ಅವರಿಂದಲೇ ಕಲಿತ ದಾರಿ ಹಿಡಿದೆ. ಎದ್ದು ನಿಂತು, "ಹೋಗ್ಲಿ ಬಿಡ್ರಿ. ನಿಮಗ ಬರಂಗಿಲ್ಲಂತ ಹೇಳಿಬಿಟ್ಟಿದ್ರ ನಾ ಇಷ್ಟೊತ್ತ ಕೂಡ್ತಿರಲಿಲ್ಲ," ಎಂದೆ.

ಅವರ ಕೈಯಲ್ಲಿದ್ದ ಪಿನ್ನು ನಿಂತಿತು. "ಏನಂದಿ?"

"ದೀಪದ ಕಂಬ ಬ್ಯಾರೆ, ತೊಟ್ಟಿಲ ಬ್ಯಾರೆ. ಅದು ಕಲಘಟಗಿಯವ್ರ ಕೆಲಸ. ನಂದ ತಪ್ಪಾತು."

ಬಾಯಾರು ಪಿನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ನಾನು ಅವರನ್ನು ಎಲ್ಲಿ ಚುಚ್ಚಿದೆನೆಂದು ಅವರಿಗೂ ಗೊತ್ತಾಗಿತ್ತು, ಗೊತ್ತಾಗಿಯೂ ತಪ್ಪಿಸಿಕೊಳ್ಳಲು ಆಗಲಿಲ್ಲ. "ಹದಿನೈದ ದಿವಸ ಬಿಟ್ಟು ಬಾ," ಎಂದರು.

ಆ ಹದಿನೈದು ದಿನ ಕ್ಲಾಸು ಬಂದ್. ಹೋದವಳು ತೊಟ್ಟಿಲ ಸುತ್ತ ಎರಡು ಸುತ್ತು ಬಂದೆ. ನಾಲ್ಕು ಮೂಲೆಗೆ ಸಾಗವಾನಿ ಕಂಬ, ಸುತ್ತ ಕಡೆದಂಥ ಗುಂಡು ಗುಂಡು ಸಾಲುಕಂಬಿ, ಅಂಚಿಗೆ ಅರಗಿನ ಕೆಂಪು, ಕೆಂಪಿನ ಮೇಲೆ ಹಸಿರು ಬಳ್ಳಿ. ತೂಗುಹಾಕುವ ಮೇಲಿನ ಎರಡು ದಂಡಿಗೆಗಳೊಳಗೆ ಕಬ್ಬಿಣದ ಸರಳು ತೂರಿಸಿದ್ದರು. ತಳದ ಚೌಕಟ್ಟು ಬರೀ ಪೈಪು, ಒಳಗೆ ಹೊಟ್ಟು, ಮೇಲೆ ಮಂಚಕ್ಕೆ ಹಾಕುವಂಥ ನವಾರ ಪಟ್ಟಿಯ ಹೆಣಿಗೆ. ಹತ್ತು ಸೇರು ಜೋಳದ ಚೀಲವನ್ನು ಅದರಲ್ಲಿ ಮಲಗಿಸಿ ಎರಡು ದಿನ ತೂಗಿದ್ದರಂತೆ. ಅವರ ಗಂಡ, "ಚೀಲಕ್ಕ ಜೋಗುಳ ಒಂದ ಹಾಡಿಲ್ಲ ನೋಡ್ರಿ," ಎಂದರು. ಬಾಯಾರು ನಗಲಿಲ್ಲ. ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು.

"ಕೇಳಿಲ್ಲಿ. ಭಾರ ತಡೀತೈತಿ. ಬಿಸಿ ತಡಿಯಂಗಿಲ್ಲ. ಕೂಸಿಗೆ ಎರದ ಮ್ಯಾಲ ಕೆಂಡದ ಹೊಗಿ ಹಾಕ್ತಾರಲ್ಲ, ಅವಾಗ ಕೂಸ ನಿನ್ನ ತೊಡಿಮ್ಯಾಲ ಇರ್ಬೇಕು. ತೊಟ್ಟಿಲ ಕೆಳಗ ಬೆಂಕಿ ಇಡಾಕ ಬಂದವ್ರು ಯಾರ ಇರ್ಲಿ, ಕೈ ಹಿಡಿ. ಮಾನ ಹೋಗ್ಲಿ, ಕೈ ಹಿಡಿ. ತಿಳೀತೇನು?"

"ತಿಳೀತ್ರಿ."

"ಬಾಯಿಬಿಟ್ಟ ಹೇಳು."

"ಕೈ ಹಿಡೀತೇನ್ರಿ," ಎಂದೆ.

ಕಮರಿಪೇಟೆಯ ಮನೆಯ ಪಡಸಾಲೆಯ ತೊಲೆಗೆ ಸರಪಳಿ ಹಾಕಿ ತೊಟ್ಟಿಲು ಕಟ್ಟಿದರು. ಅತ್ತೆ ಬೆರಳ ಗೆಣ್ಣಿನಿಂದ ಹೊಡೆದು ನೋಡಿದರು, ಮೂಗು ಹಚ್ಚಿ ನೋಡಿದರು. "ಖರೇ ಸಾಗವಾನಿ. ಗಂಟ ನೋಡ್ರಿ, ಮೂಲ್ಯಾಗ ಬಿದ್ದೈತಿ. ಈಗಿನವ್ರ ಗಂಟ ಇದ್ದ ಕಟ್ಟಿಗಿ ತೆಗದ ಒಗೀತಾರ," ಎಂದು ಬಂದವರಿಗೆಲ್ಲ ತೋರಿಸಿದರು. ನನಗೆ ಒಳಗೊಳಗೇ ನಗು. ಆ ಮನೆಯಲ್ಲಿ ಮೊದಲ ಸಲ ನಾನು ಗೆದ್ದಿದ್ದೆ. ಇಪ್ಪತ್ತು ದಿನ ಪ್ರತಿದಿನ ನೀರೆರೆದ ಮೇಲೆ ಕೂಸನ್ನು ನನ್ನ ಕೋಣೆಗೆ ಒಯ್ದು, ತೊಡೆಯ ಮೇಲೆ ಹಾಕಿಕೊಂಡೇ ಹೊಗೆ ಹಾಕಿದೆ.

ಇಪ್ಪತ್ತೊಂದನೆಯ ದಿನ ಅತ್ತೆ ಓಣಿಯ ಹೆಂಗಸರನ್ನು ಅರಿಷಿಣ ಕುಂಕುಮಕ್ಕೆ ಕರೆದರು. ಕರೆದದ್ದು ಕುಂಕುಮಕ್ಕಲ್ಲ, ತೊಟ್ಟಿಲು ತೋರಿಸಲು. ಕೂಸಿಗೆ ಎರೆಸಿ, ಎಲ್ಲರೆದುರು ತಾವೇ ತೊಟ್ಟಿಲಲ್ಲಿ ಮಲಗಿಸಿದರು. ನಾನು ಕುಲಾವಿ ತರಲು ಕೋಣೆಗೆ ಹೋಗಿದ್ದೆ. ತಿರುಗಿ ಬಾಗಿಲಿಗೆ ಬರುವ ಹೊತ್ತಿಗೆ ಅತ್ತೆ ಅಗ್ಗಿಷ್ಟಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದರು. ನಿಗಿನಿಗಿ ಕೆಂಡ, ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ.

ಅದನ್ನು ತೊಟ್ಟಿಲ ಕೆಳಗೆ ಸರಿಸಿದರು.

ನಾನು ಬಾಗಿಲಲ್ಲೇ ಇದ್ದೆ, ಐದು ಹೆಜ್ಜೆ ದೂರದಲ್ಲಿ. ಕೈ ಹಿಡಿಯಬೇಕಿತ್ತು. ಹಿಡಿದಿದ್ದರೆ ಯಾಕೆಂದು ಹೇಳಬೇಕಿತ್ತು, ಹೇಳಿದ್ದರೆ ಆ ಹನ್ನೆರಡು ಮಂದಿ ಹೆಂಗಸರು ನಮ್ಮಪ್ಪನ ಮರ್ಯಾದೆಯನ್ನು ಸಂಜೆಯೊಳಗೆ ಹುಬ್ಬಳ್ಳಿಗೆಲ್ಲ ಹಂಚುತ್ತಿದ್ದರು. ಒಂದು ನಿಮಿಷದಲ್ಲಿ ಏನಾಗುತ್ತದೆ ಎಂದುಕೊಂಡೆ. ಆಮೇಲೆ ಇನ್ನೊಂದು ನಿಮಿಷ ಎಂದುಕೊಂಡೆ. ಹೆಂಗಸರು ಜೋಗುಳ ಶುರು ಮಾಡಿದರು. ಹಾಡಿನ ನಡುವೆ ಕ್ಲಾಸಿನ ವಾಸನೆ ಬಂತು, ಕಾದ ಪೈಪಿನ ವಾಸನೆ. ಅತ್ತೆ ಮೂಗು ಸುಕ್ಕಿಸಿ, "ಲೋಬಾನ ಹಳೇದ ಏನವಾ?" ಎಂದು ನನ್ನನ್ನೇ ಕೇಳಿದರು.

"ಹೂಂ, ಹಳೇದರಿ," ಎಂದೆ.

ಇದನ್ನು ಬರೆಯುವಾಗ ಕೈ ನಡುಗುತ್ತದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬರಬಹುದು. ನಡುಗುತ್ತಿಲ್ಲ. ಅಂದೂ ನಡುಗಲಿಲ್ಲ.

ತಳದ ಚೌಕಟ್ಟಿನ ಒಂದು ಬದಿ ಮೆಲ್ಲಗೆ ಜೋತುಬಿತ್ತು. ನವಾರ ಸಡಿಲಾಯಿತು. ಕೂಸಿನ ಎಡಗಾಲು ಪಟ್ಟಿಗಳ ಸಂದಿಯಿಂದ ಕೆಳಗೆ ಇಳಿದು ಅಗ್ಗಿಷ್ಟಿಕೆಯ ಅಂಚಿಗೆ ತಾಗಿತು. ಆ ಕೂಗನ್ನು ನಾನು ವರ್ಣಿಸುವುದಿಲ್ಲ. ಕೂಸನ್ನು ಎತ್ತಿದ್ದು ನಾನಲ್ಲ, ನಮ್ಮತ್ತೆ. ಅವರ ಸೆರಗಿಗೂ ಕಿಡಿ ಹತ್ತಿತ್ತು, ಅದನ್ನು ಲೆಕ್ಕಿಸದೆ ಎತ್ತಿದರು. ಮೋಸ ಹೋಗದ ಹೆಂಗಸು ಮೋಸ ಹೋಗಿದ್ದರು, ಆದರೆ ಕೂಸಿನ ಹತ್ತಿರ ಮೊದಲು ತಲುಪಿದವರು ಅವರೇ.

ದವಾಖಾನೆಯಿಂದ ಬಂದ ಮೇಲೆ ಅತ್ತೆ ಈಳಿಗೆಯಿಂದ ತೊಟ್ಟಿಲ ಕಂಬವನ್ನು ಕೆರೆದರು. ಕಂದು ಹೋಯಿತು, ಹಳದಿ ಹೋಯಿತು, ಬೂದು ಬಣ್ಣ ಕಂಡಿತು. ಇನ್ನೂ ಹೋಗದೆ ಕೂತಿದ್ದ ಒಬ್ಬ ಹೆಂಗಸು, "ಯವ್ವಾ, ನಳ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಅತ್ತೆ ನನ್ನ ಕಡೆ ತಿರುಗಿದರು.

"ನಿಮ್ಮಪ್ಪ ಇಂಥಾದ್ದ ಕೊಟ್ಟ ಕಳಿಸ್ಯಾನೇನು?"

"ಅಪ್ಪಗೂ ಮೋಸ ಮಾಡ್ಯಾಳ್ರಿ ಆಕಿ," ಎಂದೆ. "ಕ್ಲಾಸಿನಾಕಿ. ಖರೇ ಕಟ್ಟಿಗಿ ಅಂತ ಹೇಳಿ ಕೊಟ್ಟಾಳ."

ಎರಡು ವರ್ಷ ಬಾಯಾರು ಎಂದು ಕರೆದ ಬಾಯಿ, ಆಕಿ ಎನ್ನಲು ಒಂದು ಗಳಿಗೆಯೂ ತಡೆಯಲಿಲ್ಲ.

ಮರುದಿನ ಮಧ್ಯಾಹ್ನ ತೊಟ್ಟಿಲನ್ನು ಆಟೋದ ಮೇಲೆ ಕಟ್ಟಿಸಿ ಅತ್ತೆ ದೇಶಪಾಂಡೆ ನಗರಕ್ಕೆ ಹೊರಟರು. ನನ್ನನ್ನೂ ಕೂರಿಸಿಕೊಂಡರು. ಕ್ಲಾಸು ನಡೆದಿತ್ತು, ಐದು ಹುಡುಗಿಯರು. ತೊಟ್ಟಿಲನ್ನು ಅವರ ನಡುವೆ ಕೆಡವಿ ಅತ್ತೆ ಕೇಳಿದರು: "ಇದನ್ನ ಕಟ್ಟಿಗಿ ಅಂತ ಹೇಳಿ ಕೊಟ್ಟೀರೇನು?"

ಬಾಯಾರು ಕಾದು ಜೋತುಬಿದ್ದ ತಳದ ಚೌಕಟ್ಟನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಸ್ಟೋವು ನೋಡುತ್ತ ನಿಂತೆ. ಪಿನ್ನು ಹಾಕಬೇಕಾಗಿತ್ತು, ಉರಿ ಹಳದಿಯಾಗಿತ್ತು.

"ಹೌದ್ರಿ," ಎಂದರು ಬಾಯಾರು. "ಹಂಗ ಹೇಳಿ ಕೊಟ್ಟೇನಿ."

"ಕೂಸಿನ ಕಾಲ ಸುಟ್ಟೈತಿ!"

ಅವರಿಗೆ ಅದು ಗೊತ್ತಿರಲಿಲ್ಲ. "ಎಷ್ಟು?" ಎಂದರು. ಅತ್ತೆ ತೋರುಬೆರಳಿನ ಎರಡು ಗೆಣ್ಣು ತೋರಿಸಿದರು. ಬಾಯಾರು ಕೂತರು. ಅತ್ತೆ ಗೋಡೆಗೆ ಒರಗಿಸಿದ್ದ ಕಂಬ, ಹೂದಾನಿ, ಚೌಕಟ್ಟುಗಳನ್ನು ಒಂದೊಂದಾಗಿ ಅಂಗಳಕ್ಕೆ ಎಸೆದರು. ಬಾಯಾರ ಗಂಡ ಬಾಗಿಲಲ್ಲಿ ಕೈ ಮುಗಿದು, "ಬ್ಯಾಡ್ರಿ ಅವ್ವಾರ, ಬ್ಯಾಡ್ರಿ," ಎನ್ನುತ್ತಲೇ ಇದ್ದರು. ಎಲ್ಲ ಎಸೆದಾದ ಮೇಲೆ ಬಾಯಾರು ತಲೆ ಎತ್ತಿ ಒಂದೇ ಮಾತು ಕೇಳಿದರು: "ಇಪ್ಪತ್ತ ದಿವಸ ಮನ್ಯಾಗ ಇತ್ತಲ್ರಿ. ಒಮ್ಮಿನೂ ಪೈಪ ಅನಸ್ಲಿಲ್ಲೇನು?"

ಆ ಹೊತ್ತಿನಲ್ಲಿ ಆ ಪ್ರಶ್ನೆ! ಅತ್ತೆ ತೊಟ್ಟಿಲ ಕಂಬವನ್ನೇ ಕಿತ್ತು ಅವರ ಭುಜಕ್ಕೆ ಹೊಡೆದರು. ಹೊಟ್ಟು ತುರುಕಿದ ಪೈಪಿನ ಪೆಟ್ಟು ಕಟ್ಟಿಗೆಯ ಪೆಟ್ಟಿಗಿಂತ ಕಡಿಮೆಯೇನಲ್ಲ. ಹುಡುಗಿಯರು ಚಪ್ಪಲಿ ಹುಡುಕಿಕೊಂಡು ಹೊರಗೆ ಓಡಿದರು. ಮರುದಿನದಿಂದ ಯಾರೂ ಬರಲಿಲ್ಲ. ಕೂಸಿನ ಕಾಲು ಸುಟ್ಟಾಕಿ ಎಂದು ಅವರಿಗೆ ಹೆಸರಾಯಿತು. ತರಕಾರಿ ಕೊಳ್ಳುವಾಗ ಕೂಡ ಹೆಂಗಸರು ಪಕ್ಕಕ್ಕೆ ಸರಿಯುತ್ತಿದ್ದರಂತೆ. ಮಳೆಗಾಲದ ಹೊತ್ತಿಗೆ ಗಂಡ ಹೆಂಡತಿ ಮನೆ ಬಿಟ್ಟು ಗಬ್ಬೂರಿನ ಕಡೆ ಹೋದರು. ನಮ್ಮಪ್ಪನಿಗೆ ಎಲ್ಲ ಗೊತ್ತಿತ್ತು. ಅವರೂ ಬಾಯಿ ಬಿಡಲಿಲ್ಲ. ನಾನು ಯಾರ ಮಗಳೆಂದು ಆಗ ತಿಳಿಯಿತು.

ಮಗಳ ಕಾಲು ಮಾಯಿತು. ಕಿರುಬೆರಳು ಪಕ್ಕದ ಬೆರಳಿಗೆ ಅಂಟಿಕೊಂಡೇ ಬೆಳೆಯಿತು. ಅವಳು ಯಾವತ್ತೂ ತೆರೆದ ಚಪ್ಪಲಿ ಹಾಕಿದವಳಲ್ಲ. ಸಾಲೆಯಲ್ಲಿ ಹುಡುಗಿಯರು ಕಾಡಿದ ದಿನ ಅಳುತ್ತ ಬಂದು, ಯಾರು ಹೀಗೆ ಮಾಡಿದರೆಂದು ಕೇಳಿದಾಗ ಅವಳ ಅಜ್ಜಿ, ನಳವನ್ನು ಕಟ್ಟಿಗೆ ಎಂದು ಕೊಟ್ಟ ಕ್ಲಾಸಿನಾಕಿಯ ಕಥೆ ಹೇಳಿದರು. ನಾನು ಪಕ್ಕದಲ್ಲೇ ಜೋಳ ಹಸನು ಮಾಡುತ್ತಿದ್ದೆ.

ಇನ್ನೂ ಒಂದಿದೆ. ಅತ್ತೆ ತೀರಿಕೊಂಡು, ಅಣ್ಣತಮ್ಮಂದಿರ ಮನೆಗಳು ಬೇರೆಯಾದ ಮೇಲೆ, ಎರಡು ಸಾವಿರದ ಆಚೆಗೆ, ನಾನೇ ಒಂದು ಕ್ಲಾಸು ತೆಗೆದೆ. ಪೈಪಿನಿಂದ ಕಟ್ಟಿಗೆ. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಮೊದಲ ದಿನ ಬಾಲ್ದಿ, ಕುದಿಯುವ ನೀರು. ಮೊದಲು ತಪ್ಪು ಮಾಡಿರಿ ಎಂದು ಹೇಳುವಾಗ ದನಿ ಕೂಡ ಅವರದೇ ಬರುತ್ತಿತ್ತು. ಹೊಗಳಿದವರು ಎಲ್ಲಿ ಕಲಿತಿರಿ ಎಂದರೆ, ಹಾಗೇ ಬಂತು ಎನ್ನುತ್ತಿದ್ದೆ. ನಾನು ಇಂದು ನಾಲ್ಕು ಜನರ ನಡುವೆ ಒಂದು ಹೆಸರಿನ ಹೆಂಗಸಾಗಿದ್ದರೆ ಅದು ಅವರ ಹೆಬ್ಬೆರಳಿನ ಪುಣ್ಯ, ಮತ್ತು ಅದನ್ನು ಅವರು ಬದುಕಿದ್ದಾಗ ನಾನು ಅವರಿಗೂ ಹೇಳಲಿಲ್ಲ, ಬೇರೆಯವರಿಗೂ ಹೇಳಲಿಲ್ಲ.

ಮಗಳು ಹತ್ತನೆಯ ಇಯತ್ತೆಗೆ ಬಂದ ವರ್ಷ ಬಾಯಾರ ಗಂಡ ನನ್ನ ಕ್ಲಾಸಿನ ಬಾಗಿಲಿಗೆ ಬಂದು ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ನಿಮ್ಮನ್ನ ಕರಕೊಂಡ ಬಾ ಅಂದಾಳ್ರಿ. ಎದಿ ಪೂರಾ ಹೋಗೇತಿ," ಎಂದರು. ಕಾದ ಪ್ಲಾಸ್ಟಿಕ್ಕಿನ ಹೊಗೆ ಕುಡಿದು ಕುಡಿದು ಹೀಗಾಯಿತೆಂದು ಡಾಕ್ಟರು ಹೇಳಿದ್ದರಂತೆ. ಗಬ್ಬೂರಿಗೆ ಹೋದ ಮೇಲೂ ಅವರು ಕೆಲಸ ಬಿಟ್ಟಿರಲಿಲ್ಲ. ಮದುವೆ ಮಂಟಪದವರಿಗೆ ಕಟ್ಟಿಗೆಯಂತೆ ಕಾಣುವ ಕಂಬ ಮಾಡಿ ಕೊಡುತ್ತಿದ್ದರು. ಆ ಮಂಟಪಗಳಲ್ಲಿ ನಾನು ಎಷ್ಟೋ ಸಲ ಊಟ ಮಾಡಿದ್ದೇನೆ.

ಬೈಪಾಸಿನ ಲಾರಿ ಸದ್ದು ಕೇಳುವ ಎರಡು ಕೋಣೆಯ ಮನೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಹಿಡಿಯುತ್ತಿತ್ತು.

"ಬಾ. ಕ್ಲಾಸ್ ಛಲೋ ನಡದೈತಂತ," ಎಂದರು. "ನನ್ನ ಮಾತ ನನಗಿಂತಾ ಛಲೋ ಹೇಳ್ತೀಯಂತ."

ನಾನು ತಲೆ ತಗ್ಗಿಸಿದೆ. ಕ್ಷಮಿಸಿರಿ ಎನ್ನಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ಅದೆಲ್ಲಾ ಬ್ಯಾಡ. ಒಂದ ಕೇಳ್ಬೇಕಿತ್ತು, ಅದಕ್ಕ ಕರಿಸೇನಿ. ಅವತ್ತ ತೊಟ್ಟಿಲ ಕೆಳಗ ಬೆಂಕಿ ಇಡೂ ಮುಂದ ನೀ ಎಲ್ಲಿದ್ದಿ?"

ಹೊರಗೆ ಅವರ ಗಂಡ ಚಹಾಕ್ಕೆ ಇಟ್ಟಿದ್ದ ನೀರು ಕುದಿಯುವುದು ಕೇಳುತ್ತಿತ್ತು. ಜಳಕಕ್ಕೆ ಹೋಗಿದ್ದೆ ಎಂದರೆ ಮುಗಿಯುತ್ತಿತ್ತು. ಅವರ ಮುಖ ಅದನ್ನೇ ಕೇಳುತ್ತಿತ್ತು. ಆದರೆ ನನ್ನ ಕೆಲಸವನ್ನು ಆ ಹೆಂಗಸು ಎಷ್ಟು ಸಲ ಕೈಯಲ್ಲಿ ಹಿಡಿದು ನೋಡಿದ್ದರೋ, ಸುಳ್ಳು ಹೇಳಲು ನನಗೆ ಹೆದರಿಕೆಯಾಯಿತು. ಸತ್ಯ ಹೇಳಿದ್ದು ಧೈರ್ಯದಿಂದಲ್ಲ.

"ಅಲ್ಲೇ ಇದ್ದೆ ರೀ. ಬಾಗಲದಾಗ."

"ನೋಡಿಕೋತ?"

"ಹೂಂರಿ."

ಅವರು ಕಣ್ಣು ಮುಚ್ಚಿದರು. ಎದೆ ಮೇಲೆ ಕೆಳಗೆ ಆಗುವುದು ಹೊದಿಕೆಯ ಮೇಲಿನಿಂದಲೂ ಕಾಣುತ್ತಿತ್ತು. "ಬಾಣಂತಿ, ಒಳಗೆಲ್ಲೋ ಮಲಗಿರ್ಬೇಕು, ಗೊತ್ತಾಗದ ಯಾರೋ ಇಟ್ಟಾರ ಅಂತ ತಿಳಕೊಂಡಿದ್ದೆ," ಎಂದರು. "ಹಂಗಂತ ತಿಳದ ಅವತ್ತ ನಿಮ್ಮತ್ತಿ ಮುಂದ ಹೌದ ಅಂದಿದ್ದೆ. ಇಷ್ಟ ವರ್ಷ ಹಂಗ ತಿಳಕೊಂಡ ಬಂದೆ."

ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತೆ. ಅಳು ಬಂತು. ಅವರು ಅಳುವುದನ್ನು ನೋಡದವರಂತೆ ಗೋಡೆಯ ಕಡೆ ಮುಖ ಮಾಡಿದರು.

"ಮಗಳಿಗೆ ಗೊತ್ತೈತೇನು?"

"ಇಲ್ರಿ."

"ಯಾರ ಸುಟ್ಟಾರಂತ ತಿಳದಾಳ?"

ನಾನು ಅವರ ಹೊದಿಕೆಯ ಅಂಚು ಸರಿಮಾಡತೊಡಗಿದೆ. ಅವರಿಗೆ ಅರ್ಥವಾಯಿತು.

"ಹಂಗ ಇರ್ಲಿ," ಎಂದರು. "ಆಕಿಗೆ ಹೇಳಬ್ಯಾಡ. ನೀ ಹಗುರ ಆಗಾಕ ಹೋಗಿ ಆ ಕೂಸಿನ ಎದಿಗೆ ಇನ್ನೊಂದ್ ಕೆಂಡ ಇಡಬ್ಯಾಡ." ದಿಂಬಿಗೆ ಬೆನ್ನೊತ್ತಿ ಉಸಿರು ಎಳೆದುಕೊಂಡರು. "ಇನ್ನ ಹೋಗು. ಮತ್ತ ಬರಬ್ಯಾಡ."

ಚಹಾ ಹಿಡಿದು ಬಂದ ಅವರ ಗಂಡ ನನ್ನನ್ನು ರಸ್ತೆಯ ತನಕ ಕಳಿಸಲು ಬಂದರು. ಅವರು ಬಸ್ಸಿಗೆ ಕೈ ಮಾಡಿ ನಿಲ್ಲಿಸಿ ನನ್ನನ್ನು ಹತ್ತಿಸಿದರು.

ಹನ್ನೊಂದು ದಿನಕ್ಕೆ ಬಾಯಾರು ಹೋದರು. ಫೋನು ಬಂದದ್ದು ರವಿವಾರ ಮಧ್ಯಾಹ್ನ, ಊಟಕ್ಕೆ ಕೂತಾಗ. ಇಟ್ಟು ಬಂದೆ. ಮಗಳು ರೊಟ್ಟಿ ಮುರಿಯುತ್ತ, ಯಾರು ಅವ್ವಾ, ಎಂದಳು.

"ಕ್ಲಾಸಿನ ಬಾಯಾರು ತೀರಿಕೊಂಡ್ರಂತ."

"ನನ್ನ ಕಾಲ ಸುಟ್ಟಾಕಿ ಅಲ್ಲಾ?" ಎಂದಳು. ಹದಿನೈದು ವರ್ಷದ ಹುಡುಗಿ. ಮೇಜಿನ ಕೆಳಗೆ ಎಡಗಾಲನ್ನು ಬಲಗಾಲಿನ ಹಿಂದೆ ಎಳೆದುಕೊಂಡಳು, ಮನೆಯವರೆದುರೂ ಅವಳು ಹಾಗೇ ಮಾಡುತ್ತಾಳೆ. "ಛಲೋ ಆತ ಬಿಡು."

"ಹೂಂ," ಎಂದೆ. ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.